ಎಮಿಲ್ ಕ್ರೆಪೆಲಿನ್: ಮನೋರೋಗ ನಿದಾನದ ದಾರಿ

ಜ್ವರ ಬಂದವನ ಮೈ ಮುಟ್ಟಿ ನೋಡಬಹುದು. ಮುರಿದ ಎಲುಬನ್ನು ಬೆರಳಿನಿಂದ ತಡವಿ ತಿಳಿಯಬಹುದು. ಮನಸ್ಸು ನೊಂದವನ ರೋಗವನ್ನು ಹಾಗೆ ಮುಟ್ಟಿ ತಿಳಿಯಲು ಬರುವುದಿಲ್ಲ. ರೋಗಿಯ ಮಾತು, ಮೌನ, ಮುಖಭಾವ, ನಡೆ, ಮನೆಯವರು ಹೇಳುವ ಹಿಂದಿನ ಕಥೆ ಇವಿಷ್ಟೇ ವೈದ್ಯನ ಕೈಗೆ ದೊರೆಯುವ ಕುರುಹುಗಳು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಯುರೋಪಿನ ವೈದ್ಯರು ಈ ಕುರುಹುಗಳನ್ನು ಕಂಡ ಹಾಗೆಯೇ ಹೆಸರಿಸುತ್ತಿದ್ದರು. ಕುಗ್ಗಿ ಕುಳಿತವನಿಗೆ ಮೆಲಂಕೋಲಿಯಾ, ಕೂಗಾಡುವವನಿಗೆ ಮೇನಿಯಾ, ಊರೆಲ್ಲ ತನಗೆ ಹಗೆ ಎಂದು ನಂಬಿದವನಿಗೆ ಪ್ಯಾರನೋಯಿಯಾ. ಅದೇ ರೋಗಿ ಆರು ತಿಂಗಳ ತರುವಾಯ ಬೇರೊಂದು ರೀತಿಯಲ್ಲಿ ನಡೆದುಕೊಂಡರೆ ರೋಗದ ಹೆಸರೂ ಬೇರೆಯಾಗುತ್ತಿತ್ತು. ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆಗೆ, ಇವನು ಮತ್ತೆ ಸರಿಹೋಗುವನೇ ಎಂಬುದಕ್ಕೆ, ಆ ಹೆಸರುಗಳಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುವುದಕ್ಕೆ ಒಂದು ಕ್ರಮವನ್ನು ಕಲ್ಪಿಸಿದವನು ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಮನೋರೋಗಕ್ಕೆ ಹೆಸರು ಬರೆದರೂ ಆ ಬರಹದ ಹಿಂದೆ ಆತನ ಕೆಲಸದ ನೆರಳಿದೆ. ಆತನು ಎಡವಿದ ಎಡೆಗಳ ನೆರಳೂ ಅಲ್ಲಿಯೇ ಇದೆ.

ಕ್ರೆಪೆಲಿನನು 1856ರ ಫೆಬ್ರವರಿ 15ರಂದು ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ತಂದೆ ಗಾಯಕ ಮತ್ತು ನಟ. ಉತ್ತರ ಜರ್ಮನಿಯ ಆಡುನುಡಿಯಲ್ಲಿ ಬರೆದ ಫ್ರಿಟ್ಸ್ ರಾಯ್ಟರ್ ಎಂಬ ಜನಪ್ರಿಯ ಲೇಖಕನ ಕೃತಿಗಳನ್ನು ಸಭೆಗಳಲ್ಲಿ ವಾಚಿಸಿ ಹೆಸರು ಗಳಿಸಿದವನು. ಮನೆಯಲ್ಲಿ ಹಾಡು ಮತ್ತು ಮಾತಿನ ಕಲೆ ಎರಡೂ ಇದ್ದುವು. ಆದರೆ ಎಮಿಲನನ್ನು ಸೆಳೆದದ್ದು ಅಣ್ಣ ಕಾರ್ಲನ ದಾರಿ. ಕಾರ್ಲನು ಜೀವಶಾಸ್ತ್ರಜ್ಞನಾಗಿ, ಮುಂದೆ ಹ್ಯಾಂಬರ್ಗಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದ ನಿರ್ದೇಶಕನಾದನು. ಗಿಡವನ್ನು ಅದರ ಮೊಳಕೆಯಿಂದ ಬೀಜದವರೆಗೆ ಗಮನಿಸಿ ಜಾತಿ ಗುರುತಿಸುವ ಜೀವಶಾಸ್ತ್ರದ ಅಭ್ಯಾಸವು ತಮ್ಮನ ಬುದ್ಧಿಯಲ್ಲಿಯೂ ನೆಲೆಯೂರಿತು.

1874ರಲ್ಲಿ ಆತನು ವೈದ್ಯ ವ್ಯಾಸಂಗಕ್ಕೆ ಸೇರಿದನು. ಲೈಪ್‌ಸಿಗ್ ಮತ್ತು ವೂರ್ಟ್ಸ್‌ಬುರ್ಗ್ ನಗರಗಳಲ್ಲಿ ಓದು ಸಾಗಿತು. ಲೈಪ್‌ಸಿಗ್ಗಿನಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಗುರು ದೊರೆತನು. ಮನಸ್ಸಿನ ವ್ಯಾಪಾರಗಳನ್ನು ತತ್ತ್ವಚಿಂತನೆಯಿಂದಷ್ಟೇ ಅಲ್ಲ, ಗಡಿಯಾರ ಹಿಡಿದು ಅಳತೆ ಮಾಡಿಯೂ ಅರಿಯಬಹುದೆಂದು ತೋರಿಸಿದವನು ವುಂಟ್. 1879ರಲ್ಲಿ ಆತ ಸ್ಥಾಪಿಸಿದ ಪ್ರಯೋಗಶಾಲೆಯನ್ನು ಆಧುನಿಕ ಮನಶ್ಶಾಸ್ತ್ರದ ತೊಟ್ಟಿಲೆಂದು ಕರೆಯುತ್ತಾರೆ. ಕ್ರೆಪೆಲಿನನು ಬದುಕಿನುದ್ದಕ್ಕೂ ಈ ಗುರುವಿನ ಶಿಷ್ಯನಾಗಿಯೇ ಉಳಿದನು. ಅಳತೆಯಿಲ್ಲದ ಊಹೆಯನ್ನು ಆತ ಎಂದೂ ಮೆಚ್ಚಲಿಲ್ಲ.

1878ರಲ್ಲಿ ವೈದ್ಯ ಪದವಿ ಪಡೆದು ಆತನು ಮ್ಯೂನಿಕ್ ನಗರದ ಮಾನಸಿಕ ಆಸ್ಪತ್ರೆಗೆ ಕಿರಿಯ ವೈದ್ಯನಾಗಿ ಬಂದನು. ಅಲ್ಲಿಯ ಹಿರಿಯ ವೈದ್ಯ ಬೆರ್ನ್‌ಹಾರ್ಡ್ ಫಾನ್ ಗುಡೆನ್ ಮಿದುಳಿನ ರಚನೆಯನ್ನು ಬಲ್ಲ ಪಂಡಿತ; ರೋಗಿಗಳನ್ನು ಕಟ್ಟಿಹಾಕಬಾರದೆಂದು ಹಟ ಹಿಡಿದ ಕರುಣಾಳು. (ಇದೇ ಗುಡೆನ್ ಮುಂದೆ 1886ರಲ್ಲಿ ಬವೇರಿಯಾದ ಮತಿಗೆಟ್ಟ ರಾಜ ಎರಡನೆಯ ಲುಡ್ವಿಗ್‌ನೊಡನೆ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಹೆಣವಾಗಿ ದೊರೆತನು.) ಆದರೆ ರೋಗಗಳನ್ನು ವರ್ಗೀಕರಿಸುವ ಮಾತು ಬಂದರೆ ಗುಡೆನನಿಗೆ ನಂಬಿಕೆ ಇರಲಿಲ್ಲ. ಆ ಕಾಲದ ಪ್ರಸಿದ್ಧರೆಲ್ಲ ಮಿದುಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹುಚ್ಚಿನ ಗುಟ್ಟು ಒಂದು ದಿನ ಬಯಲಾಗುವುದೆಂದು ನಂಬಿದ್ದರು. ಅಲ್ಲಿಯವರೆಗೆ ಬದುಕಿರುವ ರೋಗಿಯ ಮುಂದೆ ಏನು ಮಾಡಬೇಕು? ಎಳೆಯ ವೈದ್ಯನು ವಾರ್ಡಿಗೆ ಕಾಲಿಟ್ಟಾಗ ಕಂಡದ್ದು ಕೂಗುವ, ಅಳುವ, ಕಲ್ಲಿನಂತೆ ನಿಂತ, ಕೈ ಹಿಡಿದು ಬಿಡದ ನೂರಾರು ಜನ. ಯಾರಿಗೆ ಯಾವ ರೋಗ, ಯಾರು ಮನೆಗೆ ಮರಳುವರು, ಯಾರು ಮರಳಲಾರರು ಎಂಬುದು ತನಗೆ ತಿಳಿಯದು, ತನ್ನ ಹಿರಿಯರಿಗೂ ತಿಳಿಯದು ಎಂಬ ಅರಿವು ಆತನನ್ನು ಮೊದಲು ಕಂಗೆಡಿಸಿತು. ಆತನ ಮುಂದಿನ ದುಡಿಮೆಯೆಲ್ಲ ಆ ಅಜ್ಞಾನಕ್ಕೆ ಉತ್ತರ ಹುಡುಕುವ ಯತ್ನವೇ ಆಗಿತ್ತು.

1882ರಲ್ಲಿ ಆತನು ವುಂಟನ ಸಮೀಪವಿರಬೇಕೆಂದು ಲೈಪ್‌ಸಿಗ್ಗಿಗೆ ಹೋದನು. ಅಲ್ಲಿಯ ಮನೋವೈದ್ಯ ವಿಭಾಗದ ಮುಖ್ಯಸ್ಥ ಪೌಲ್ ಫ್ಲೆಕ್ಸಿಗ್ ಕೆಲವೇ ತಿಂಗಳಲ್ಲಿ ಆತನನ್ನು ಕೆಲಸದಿಂದ ತೆಗೆದನು. ಕೈಯಲ್ಲಿ ಸ್ಥಿರವಾದ ನೌಕರಿಯಿಲ್ಲ. ಮದುವೆಯಾಗಲು ನಿಶ್ಚಯಿಸಿದ್ದ ಇನಾ ಶ್ವಾಬೆ ಕಾಯುತ್ತಿದ್ದಳು. ಈ ಕಷ್ಟದ ದಿನಗಳಲ್ಲಿ ಹಣದ ಅಗತ್ಯಕ್ಕಾಗಿ ಆತನು ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದು ಸಣ್ಣ ಕೈಪಿಡಿಯನ್ನು ಬರೆದುಕೊಟ್ಟನು. 1883ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಹೊಸತೇನೂ ಇರಲಿಲ್ಲ. ಆದರೆ ಮುಂದಿನ ಮೂವತ್ತು ವರ್ಷಗಳಲ್ಲಿ ಅದು ಎಂಟು ಆವೃತ್ತಿಗಳನ್ನು ಕಂಡಿತು. ಎಂಟನೆಯದು 1909ರಿಂದ 1915ರವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದಿತು. ಪ್ರತಿ ಸಲವೂ ಆತ ಹಿಂದಿನದನ್ನು ಒಡೆದು ಕಟ್ಟಿದನು. ಹೊಟ್ಟೆಪಾಡಿಗೆ ಬರೆದ ಕೈಪಿಡಿ ಕಾಲಕ್ರಮದಲ್ಲಿ ಒಂದು ಶಾಸ್ತ್ರದ ಮೂಲಗ್ರಂಥವಾಯಿತು.

1884ರಲ್ಲಿ ಮದುವೆ ನಡೆಯಿತು. ಎರಡು ವರ್ಷ ಬೇರೆ ಬೇರೆ ಆಸ್ಪತ್ರೆಗಳಲ್ಲಿ ದುಡಿದ ಮೇಲೆ, 1886ರಲ್ಲಿ, ಮೂವತ್ತನೆಯ ವಯಸ್ಸಿಗೇ ಆತನಿಗೆ ಪ್ರಾಧ್ಯಾಪಕ ಪದವಿ ಒದಗಿತು. ಊರು ಡೋರ್ಪಾಟ್, ಇಂದಿನ ಎಸ್ಟೋನಿಯಾ ದೇಶದ ಟಾರ್ಟು. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿದ ಗಡಿಪ್ರಾಂತ. ವಿಶ್ವವಿದ್ಯಾಲಯದ ಭಾಷೆ ಜರ್ಮನ್. ಸರಕಾರದ ಭಾಷೆ ರಷ್ಯನ್. ಆಸ್ಪತ್ರೆಗೆ ಬರುವ ರೈತಾಪಿ ಜನರ ಭಾಷೆ ಬಹುಪಾಲು ಎಸ್ಟೋನಿಯನ್. ಲಾಟ್ವಿಯನ್ ಆಡುವವರೂ ಬರುತ್ತಿದ್ದರು. ಎಂಭತ್ತು ಹಾಸಿಗೆಗಳ ಆ ಆಸ್ಪತ್ರೆಯ ಮುಖ್ಯಸ್ಥನಿಗೆ ತನ್ನ ಬಹುಪಾಲು ರೋಗಿಗಳ ಮಾತು ತಿಳಿಯುತ್ತಿರಲಿಲ್ಲ. ದುಭಾಷಿಯನ್ನು ನಡುವೆ ನಿಲ್ಲಿಸಿಕೊಂಡು ಮಾತನಾಡಿಸಬೇಕಾಗಿತ್ತು.

ಹೊಟ್ಟೆನೋವಿನ ರೋಗಿಯಾದರೆ ದುಭಾಷಿಯಿಂದ ಕೆಲಸ ನಡೆಯುತ್ತದೆ. ಮನಸ್ಸಿನ ರೋಗಿಯ ಸಂಗತಿ ಹಾಗಲ್ಲ. ಆತ ಏನು ಹೇಳಿದ ಎಂಬುದರಷ್ಟೇ ಹೇಗೆ ಹೇಳಿದ, ಯಾವ ಮಾತಿಗೆ ತಡವರಿಸಿದ, ಎಲ್ಲಿ ಮಾತಿನ ಎಳೆ ತಪ್ಪಿತು ಎಂಬುದೂ ರೋಗದ ಕುರುಹು. ಅನುವಾದದಲ್ಲಿ ಮೊದಲು ಸೋರಿಹೋಗುವುದು ಅದೇ. ಕಿವಿಯ ದಾರಿ ಮುಚ್ಚಿದ ಕ್ರೆಪೆಲಿನನು ಕಣ್ಣನ್ನು ನೆಚ್ಚಿದನು. ರೋಗಿಯ ನಿಲುವು, ಚಲನೆ, ನಿದ್ರೆ, ತೂಕ, ಕೆಲಸದ ವೇಗ, ದಿನದಿಂದ ದಿನಕ್ಕೆ ಆಗುವ ಬದಲಾವಣೆ ಇವೆಲ್ಲ ಆತನ ಗಮನದ ವಸ್ತುಗಳಾದುವು. ವುಂಟನಿಂದ ಕಲಿತ ಅಳತೆಯ ವಿಧಾನವನ್ನೂ ಆತ ಅಲ್ಲಿ ಮುಂದುವರಿಸಿದನು. ಒಂದಂಕಿಯ ಲೆಕ್ಕಗಳನ್ನು ಬಿಡುವಿಲ್ಲದೆ ಕೂಡಿಸಲು ಹೇಳಿ ದಣಿವನ್ನು ಅಳೆಯುವುದು, ಮದ್ಯ ಅಥವಾ ಚಹಾ ಕುಡಿದ ಮೇಲೆ ಮನಸ್ಸಿನ ಚುರುಕು ಎಷ್ಟು ಬದಲಾಗುತ್ತದೆಂದು ನೋಡುವುದು, ಇಂಥ ಪ್ರಯೋಗಗಳ ಫಲವು 1892ರಲ್ಲಿ ಗ್ರಂಥವಾಗಿ ಬಂದಿತು. ರೋಗಿಯ ಒಳಮಾತಿಗಿಂತ ಹೊರಲಕ್ಷಣಗಳನ್ನು ಹೆಚ್ಚು ನಂಬುವ ಆತನ ಪದ್ಧತಿಗೆ ಡೋರ್ಪಾಟಿನ ಭಾಷೆಯ ಗೋಡೆಯೂ ಒಂದು ಕಾರಣವೆಂದು ಮುಂದಿನ ಇತಿಹಾಸಕಾರರು ಗುರುತಿಸಿದ್ದಾರೆ. ಮನೆಯಲ್ಲಿಯೂ ಆತನು ದುಃಖ ಉಂಡವನು. ಮಕ್ಕಳಲ್ಲಿ ಕೆಲವರು ಎಳೆತನದಲ್ಲಿಯೇ ತೀರಿಕೊಂಡರು. ಅತ್ತ ಚಕ್ರವರ್ತಿಯ ಸರಕಾರವು ವಿಶ್ವವಿದ್ಯಾಲಯದಲ್ಲಿ ರಷ್ಯನ್ ಭಾಷೆಯನ್ನು ಹೇರತೊಡಗಿತು. 1891ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಕರೆ ಬಂದಾಗ ಕ್ರೆಪೆಲಿನನು ತಾಯ್ನಾಡಿಗೆ ಮರಳಿದನು.

ಹೈಡೆಲ್‌ಬರ್ಗ್‌ನ ಹನ್ನೆರಡು ವರ್ಷಗಳು ಆತನ ಬದುಕಿನ ಫಲಕಾಲ. ಅಲ್ಲಿ ಆತನು ರೋಗನಿದಾನವನ್ನು ಕಲಿಯುವುದಕ್ಕೆ ಎರಡು ಸರಳ ಉಪಾಯಗಳನ್ನು ಬಳಕೆಗೆ ತಂದನು. ಮೊದಲನೆಯದು ಎಣಿಕೆ ಚೀಟಿ. ಪ್ರತಿ ರೋಗಿಯ ಹೆಸರು, ವಯಸ್ಸು, ರೋಗ ಆರಂಭವಾದ ಬಗೆ, ಮುಖ್ಯ ಲಕ್ಷಣಗಳು, ಮುಂದಿನ ಸ್ಥಿತಿ ಎಲ್ಲವೂ ಒಂದು ಗಟ್ಟಿ ಕಾಗದದ ಮೇಲೆ ಅಡಕವಾಗಿ ಸೇರುತ್ತಿದ್ದುವು. ರಜೆಯ ದಿನಗಳಲ್ಲಿಯೂ ಆತನು ಈ ಚೀಟಿಗಳ ಕಟ್ಟನ್ನು ಹೊತ್ತೊಯ್ದು ಹರಡಿಕೊಂಡು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸುತ್ತಿದ್ದನು. ರೋಗಿ ಬೇರೆ ಆಸ್ಪತ್ರೆಗೆ ಹೋದರೂ ಚೀಟಿ ಮುಗಿಯುತ್ತಿರಲಿಲ್ಲ. ಅವನು ಈಗ ಹೇಗಿದ್ದಾನೆಂದು ಕೇಳಿ, ಹೋಗಿ ನೋಡಿ, ಬರೆದುಕೊಳ್ಳುತ್ತಿದ್ದನು.

ಎರಡನೆಯದು ನಿದಾನದ ಪೆಟ್ಟಿಗೆ. ಹೊಸ ರೋಗಿ ಬಂದು ಮೊದಲ ಪರೀಕ್ಷೆ ಮುಗಿದೊಡನೆ ಆಸ್ಪತ್ರೆಯ ಪ್ರತಿಯೊಬ್ಬ ವೈದ್ಯನೂ ತನಗೆ ತೋಚಿದ ರೋಗದ ಹೆಸರನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಮುಖ್ಯಸ್ಥನೂ ಅದಕ್ಕೆ ಹೊರತಲ್ಲ. ಕಾಲ ಕಳೆದು ರೋಗದ ಗತಿ ಸ್ಪಷ್ಟವಾದ ಮೇಲೆ ಚೀಟಿಗಳನ್ನು ತೆಗೆದು ಕೊನೆಯ ತೀರ್ಮಾನದೊಡನೆ ಹೋಲಿಸಬೇಕು. ಯಾರು ತಪ್ಪಿದರು, ಏಕೆ ತಪ್ಪಿದರು, ಯಾವ ಲಕ್ಷಣವು ದಾರಿ ತಪ್ಪಿಸಿತು ಎಂಬ ಚರ್ಚೆ ಅಲ್ಲಿ ನಡೆಯುತ್ತಿತ್ತು. ಪ್ರಾಧ್ಯಾಪಕನ ಮಾತೇ ಪ್ರಮಾಣವೆಂದು ನಡೆಯುತ್ತಿದ್ದ ಕಾಲದಲ್ಲಿ ಗುರುವಿನ ತಪ್ಪೂ ಶಿಷ್ಯನ ತಪ್ಪೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದಿರುವ ಈ ಪದ್ಧತಿ ಸಾಮಾನ್ಯವಾದುದಲ್ಲ. ನಿದಾನವೆಂಬುದು ಮೊದಲ ನೋಟದ ಚಮತ್ಕಾರವಲ್ಲ, ತಪ್ಪನ್ನು ಬಚ್ಚಿಡದೆ ತಿದ್ದಿಕೊಳ್ಳುವ ಅಭ್ಯಾಸ ಎಂಬುದನ್ನು ಆತನು ಹೀಗೆ ಕಲಿಸಿದನು.

ರೋಗದ ಗತಿಯನ್ನು ಕಾದು ನೋಡಬೇಕೆಂಬ ಯೋಚನೆ ಪೂರ್ತಿಯಾಗಿ ಆತನದೇ ಅಲ್ಲ. ಗೋರ್ಲಿಟ್ಸ್ ಎಂಬ ಊರಿನಲ್ಲಿ ಖಾಸಗಿ ಆಸ್ಪತ್ರೆ ನಡೆಸುತ್ತಿದ್ದ ಕಾರ್ಲ್ ಕಾಲ್‌ಬಾಮ್ ಅದನ್ನು ಮೊದಲೇ ಹೇಳಿದ್ದನು. ಫ್ರಾನ್ಸಿನ ಬೇಲ್ ಎಂಬ ವೈದ್ಯನು 1822ರಲ್ಲಿಯೇ ಇದಕ್ಕೆ ಒಂದು ನಿದರ್ಶನ ಕೊಟ್ಟಿದ್ದನು. ಹಿರಿಮೆಯ ಭ್ರಮೆ, ಕೈಕಾಲುಗಳ ನಡುಕ, ಮಾತಿನ ತೊದಲು, ಬುದ್ಧಿಯ ನಾಶ, ಸಾವು ಇವೆಲ್ಲ ಬೇರೆ ಬೇರೆ ರೋಗಗಳಲ್ಲ, ಒಂದೇ ರೋಗದ ಮೆಟ್ಟಿಲುಗಳು ಎಂದು ಆತ ತೋರಿಸಿದ್ದನು. ಅದು ಸಿಫಿಲಿಸ್ ಸೋಂಕು ಮಿದುಳಿಗೆ ಏರಿ ಬರುವ ರೋಗವೆಂದು ಮುಂದೆ ತಿಳಿಯಿತು. ಕ್ರೆಪೆಲಿನನು ಈ ಹೊಳಹನ್ನು ಸಾವಿರಾರು ಚೀಟಿಗಳ ಮೇಲೆ ಒರೆಹಚ್ಚಿದನು. 1899ರ ಆರನೆಯ ಆವೃತ್ತಿಯಲ್ಲಿ ಫಲಿತಾಂಶ ಸ್ಪಷ್ಟವಾಗಿ ಮೂಡಿತು. ಹೊರಗಿನ ಕಾರಣ ಕಾಣದ ದೊಡ್ಡ ಮನೋರೋಗಗಳಲ್ಲಿ ಆತನು ಎರಡು ಮುಖ್ಯ ಧಾರೆಗಳನ್ನು ಕಂಡನು. ಒಂದು, ಉಬ್ಬರ ಮತ್ತು ಖಿನ್ನತೆ ಬಂದು ಹೋಗುವ, ನಡುನಡುವೆ ರೋಗಿ ಮೊದಲಿನಂತಾಗುವ ರೋಗ. ಅಳುವವನಿಗೂ ಕೂಗಾಡುವವನಿಗೂ ಇದ್ದ ಎರಡು ಹೆಸರುಗಳು ಇಲ್ಲಿ ಒಂದಾದುವು. ಇಂದು ಅದನ್ನು ಬೈಪೋಲಾರ್ ರೋಗವೆಂದು ಕರೆಯುತ್ತಾರೆ. ಇನ್ನೊಂದು, ಹೆಚ್ಚಾಗಿ ಹರೆಯದಲ್ಲಿ ಆರಂಭವಾಗಿ, ಇಲ್ಲದ ದನಿಗಳನ್ನು ಕೇಳಿಸಿ, ಬುಡವಿಲ್ಲದ ನಂಬಿಕೆಗಳನ್ನು ಹುಟ್ಟಿಸಿ, ವರ್ಷಗಳು ಕಳೆದಂತೆ ಭಾವವನ್ನೂ ಇಚ್ಛೆಯನ್ನೂ ಒಣಗಿಸುವ ರೋಗ. ಇದಕ್ಕೆ ಆತ ಬಳಸಿದ ಹೆಸರು ಡಿಮೆನ್ಶಿಯಾ ಪ್ರೀಕಾಕ್ಸ್, ಎಂದರೆ ಅಕಾಲದ ಬುದ್ಧಿಕ್ಷಯ.

ಈ ವಿಂಗಡಣೆಯ ಬೆಲೆ ದೊಡ್ಡದು. ಇವನು ಸರಿಹೋಗುವನೇ ಎಂಬ ಪ್ರಶ್ನೆಗೆ ವೈದ್ಯನು ಮೊದಲ ಬಾರಿಗೆ ಆಧಾರವಿಟ್ಟು ಉತ್ತರಿಸುವಂತಾಯಿತು. ಆದರೆ ಎರಡನೆಯ ಹೆಸರಿನಲ್ಲಿ ಒಂದು ತೀರ್ಪೂ ಅಡಗಿತ್ತು. ಆ ಹೆಸರು ಬಿದ್ದವನ ಮುಂದಿನ ದಾರಿ ಕ್ಷಯದ ಕಡೆಗೇ ಎಂದು ಮನೆಯವರೂ ವೈದ್ಯರೂ ತಿಳಿದರು. ಆ ರೋಗಿಗಳಲ್ಲಿ ಕೆಲವರು ಗುಣವಾದುದನ್ನು ಕ್ರೆಪೆಲಿನನೇ ತನ್ನ ಬರಹಗಳಲ್ಲಿ ದಾಖಲಿಸಿದ್ದನು. ಹೆಸರು ಮಾತ್ರ ಹಾಗೆಯೇ ಉಳಿಯಿತು. 1908ರಲ್ಲಿ ಸ್ವಿಟ್ಸರ್‌ಲೆಂಡಿನ ಆಯ್ಗೆನ್ ಬ್ಲಾಯ್ಲರ್ ಎಂಬ ವೈದ್ಯನು ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನು ಸೂಚಿಸಿದನು. ಈ ರೋಗ ಯಾವಾಗಲೂ ಹರೆಯದಲ್ಲಿ ಬರುವುದಿಲ್ಲ, ಯಾವಾಗಲೂ ಬುದ್ಧಿಕ್ಷಯದಲ್ಲಿ ಮುಗಿಯುವುದೂ ಇಲ್ಲ ಎಂಬುದು ಆತನ ವಾದ. ಬ್ಲಾಯ್ಲರನು ತನ್ನ ರೋಗಿಗಳ ಊರಿನ ಆಡುನುಡಿಯನ್ನು ಬಲ್ಲವನು, ವರ್ಷಗಟ್ಟಲೆ ಅವರ ನಡುವೆಯೇ ವಾಸವಾಗಿದ್ದವನು ಎಂಬುದನ್ನು ಇಲ್ಲಿ ನೆನೆಯಬೇಕು.

ಕ್ರೆಪೆಲಿನನು ಕಿವುಡ ವೈದ್ಯನೆಂದು ಇದರಿಂದ ತಿಳಿಯಬಾರದು. ರೋಗಿಗಳ ಮಾತು ಏಕೆ ಚದುರುತ್ತದೆ ಎಂಬ ಪ್ರಶ್ನೆ ಆತನನ್ನು ಕಾಡುತ್ತಿತ್ತು. ಅದಕ್ಕೆ ಆತನು ಹಿಡಿದ ದಾರಿ ವಿಚಿತ್ರವಾದುದು. ಎಚ್ಚರದಲ್ಲಿರುವ ರೋಗಿಯ ಮಾತಿಗೂ ಕನಸಿನಲ್ಲಿ ಆರೋಗ್ಯವಂತನು ಆಡುವ ಮಾತಿಗೂ ಹೋಲಿಕೆ ಕಂಡು, ತನ್ನ ಕನಸುಗಳಲ್ಲಿ ಕೇಳಿದ ಅರ್ಥಗೆಟ್ಟ ವಾಕ್ಯಗಳನ್ನು ಎಚ್ಚರವಾದೊಡನೆ ಬರೆದಿಡತೊಡಗಿದನು. ಸುಮಾರು ಇಪ್ಪತ್ತು ವರ್ಷಗಳ ಈ ಸಂಗ್ರಹದಿಂದ 280ಕ್ಕೂ ಹೆಚ್ಚು ಉದಾಹರಣೆಗಳನ್ನು ಆಯ್ದು 1906ರಲ್ಲಿ ಪ್ರಕಟಿಸಿದನು. ಇಲ್ಲದ ಪದ ಹುಟ್ಟುವುದು, ಇರುವ ಪದ ಬೇರೆ ಅರ್ಥದಲ್ಲಿ ನುಗ್ಗುವುದು, ವಾಕ್ಯದ ವಿಚಾರವೇ ಜಾರಿಹೋಗುವುದು ಎಂಬ ವಿಭಾಗಗಳನ್ನು ಅಲ್ಲಿ ಕಾಣಬಹುದು. ಭಾಷೆಯ ವಿದ್ಯಾರ್ಥಿಗಳಿಗೆ ಇಂದಿಗೂ ಕುತೂಹಲ ಹುಟ್ಟಿಸುವ ಕೃತಿ ಅದು. ರೋಗಿಯ ಚದುರಿದ ನುಡಿಯ ಎದುರಿಗೆ ವೈದ್ಯನು ತನ್ನದೇ ಚದುರಿದ ನುಡಿಯನ್ನು ಇಟ್ಟು ನೋಡಿದ್ದು ಅಪರೂಪದ ಪ್ರಾಮಾಣಿಕತೆ.

ಆದರೂ ತರಗತಿಯಲ್ಲಿ ಆತನ ನೋಟ ಹೊರಗಿನದೇ ಆಗಿರುತ್ತಿತ್ತು. ರೋಗಿಗಳನ್ನು ವಿದ್ಯಾರ್ಥಿಗಳ ಮುಂದೆ ಕರೆತಂದು ನಿದಾನ ಮಾಡಿ ತೋರಿಸಿದ ಆತನ ಮೂವತ್ತು ಉಪನ್ಯಾಸಗಳು 1901ರಲ್ಲಿ ಪುಸ್ತಕವಾದುವು. ಅದರಲ್ಲಿ ಒಬ್ಬ ಶಾಲಾ ತರುಣನ ಪ್ರಸಂಗ ಬರುತ್ತದೆ. ಅವನು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸದೆ, ಕೂಗಿ, ಹಂಗಿಸಿ, ಸಂಬಂಧವಿಲ್ಲದಂತೆ ತೋರುವ ಮಾತುಗಳನ್ನು ಆಡುತ್ತಾನೆ. ಆ ಮಾತುಗಳಿಂದ ತಿಳಿಯಬಹುದಾದುದು ಏನೂ ಇಲ್ಲವೆಂದು ಕ್ರೆಪೆಲಿನನು ಮುಂದೆ ಸಾಗಿದನು. ಸುಮಾರು ಅರವತ್ತು ವರ್ಷಗಳ ಮೇಲೆ, 1960ರಲ್ಲಿ, ಸ್ಕಾಟ್ಲೆಂಡಿನ ಮನೋವೈದ್ಯ ಆರ್. ಡಿ. ಲೈಂಗ್ ತನ್ನ ಪುಸ್ತಕದಲ್ಲಿ ಅದೇ ಮಾತುಗಳನ್ನು ಮತ್ತೆ ಓದಿದನು. ತನ್ನನ್ನು ಸಭೆಯ ಮುಂದೆ ನಿಲ್ಲಿಸಿ ಪ್ರಶ್ನಿಸುವ ಪ್ರಾಧ್ಯಾಪಕನನ್ನೇ ಆ ತರುಣ ಅಣಕಿಸುತ್ತಿದ್ದಾನೆ, ಅವಮಾನಕ್ಕೆ ಪ್ರತಿಭಟಿಸುತ್ತಿದ್ದಾನೆ ಎಂದು ಲೈಂಗ್ ತೋರಿಸಿದನು. ಅವನಿಗೆ ರೋಗವಿರಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ವೈದ್ಯನು ಮಾತನ್ನು ಅಕ್ಷರಶಃ ಬರೆದುಕೊಂಡೂ ಅದನ್ನು ತನಗೆ ಹೇಳಿದ ಮಾತೆಂದು ಕೇಳಿಸಿಕೊಳ್ಳಲಿಲ್ಲ. ಲಕ್ಷಣವನ್ನು ಗುರುತಿಸುವುದು ಬೇರೆ, ಮನುಷ್ಯನನ್ನು ಅರಿಯುವುದು ಬೇರೆ. ಕ್ರೆಪೆಲಿನನು ಬಿಟ್ಟುಹೋದ ಹೈಡೆಲ್‌ಬರ್ಗ್ ಆಸ್ಪತ್ರೆಯಲ್ಲಿಯೇ ಕಾರ್ಲ್ ಯಾಸ್ಪರ್ಸ್ ಎಂಬ ತರುಣ ವೈದ್ಯನು 1913ರಲ್ಲಿ ಈ ಭೇದವನ್ನು ಶಾಸ್ತ್ರೀಯವಾಗಿ ವಿವರಿಸುವ ಗ್ರಂಥ ಬರೆದನು. ಕಾರಣವನ್ನು ವಿವರಿಸುವುದು ಒಂದು ಕೆಲಸ. ರೋಗಿಯ ಅನುಭವವನ್ನು ಅವನ ಒಳಗಿನಿಂದ ಗ್ರಹಿಸುವುದು ಇನ್ನೊಂದು. ನಿದಾನಕ್ಕೆ ಎರಡೂ ಬೇಕು ಎಂಬುದು ಅದರ ಸಾರ. ಯಾಸ್ಪರ್ಸ್ ಮುಂದೆ ತತ್ತ್ವಜ್ಞಾನಿಯಾಗಿ ಲೋಕಪ್ರಸಿದ್ಧನಾದನು.

1903ರಲ್ಲಿ ಕ್ರೆಪೆಲಿನನು ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಬಂದನು. ಹೊಸ ಆಸ್ಪತ್ರೆ 1904ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕಟ್ಟುಪಟ್ಟಿಗಳ ಬದಲು ಹಾಸಿಗೆಯ ವಿಶ್ರಾಂತಿ ಮತ್ತು ಬೆಚ್ಚನೆಯ ನೀರಿನಲ್ಲಿ ದೀರ್ಘ ಸ್ನಾನಗಳಿಂದ ಉದ್ರೇಕವನ್ನು ತಣಿಸುವ ಕ್ರಮವಿತ್ತು. ಮದ್ಯದ ಕೇಡನ್ನು ಪ್ರಯೋಗದಲ್ಲಿಯೂ ವಾರ್ಡಿನಲ್ಲಿಯೂ ಕಂಡಿದ್ದ ಆತನು ಬಿಯರಿಗೆ ಹೆಸರಾದ ಆ ನಗರದಲ್ಲಿ ಮದ್ಯವಿರೋಧಿಯಾಗಿ ನಿಂತು ನಗೆಪಾಟಲನ್ನು ಸಹಿಸಿದನು. ಆತನೊಡನೆ ಮ್ಯೂನಿಕ್ಕಿಗೆ ಬಂದ ಸಹೋದ್ಯೋಗಿ ಅಲೋಯಿಸ್ ಆಲ್ಜೈಮರ್. ಐವತ್ತರ ಆಸುಪಾಸಿನಲ್ಲಿಯೇ ಮರೆವಿಗೆ ಸಿಕ್ಕಿ 1906ರಲ್ಲಿ ತೀರಿಕೊಂಡ ಮಹಿಳೆಯೊಬ್ಬಳ ಮಿದುಳಿನಲ್ಲಿ ಆಲ್ಜೈಮರ್ ಕಂಡ ಬದಲಾವಣೆಗಳನ್ನು ಆಧರಿಸಿ, 1910ರಲ್ಲಿ ತನ್ನ ಗ್ರಂಥದ ಎಂಟನೆಯ ಆವೃತ್ತಿಯಲ್ಲಿ ಆ ರೋಗಕ್ಕೆ ಆಲ್ಜೈಮರನ ಹೆಸರನ್ನಿಟ್ಟವನು ಕ್ರೆಪೆಲಿನನೇ.

ಮ್ಯೂನಿಕ್ಕಿನ ಕೆಲಸ ಆರಂಭಿಸುವ ಮುನ್ನ ಆತನು ಅಣ್ಣನೊಡನೆ ಜಾವಾ ದ್ವೀಪಕ್ಕೆ ಪ್ರಯಾಣ ಮಾಡಿ ಬಾಯ್ಟೆನ್‌ಜೋರ್ಗ್ ಎಂಬಲ್ಲಿಯ ದೊಡ್ಡ ಆಸ್ಪತ್ರೆಯ ರೋಗಿಗಳನ್ನು ನೋಡಿದನು. ತಾನು ಯುರೋಪಿನಲ್ಲಿ ಗುರುತಿಸಿದ ರೋಗಗಳು ಬೇರೆ ನೆಲದ, ಬೇರೆ ನುಡಿಯ ಜನರಲ್ಲಿಯೂ ಇವೆಯೇ ಎಂಬುದು ಪ್ರಶ್ನೆ. ಮುಖ್ಯ ರೋಗಗಳು ಅಲ್ಲಿಯೂ ಇವೆ, ಆದರೆ ಅವುಗಳ ವೇಷ ಬೇರೆ ಎಂದು ಆತನಿಗೆ ತೋರಿತು. ಜಾವಾದ ರೋಗಿಗಳಲ್ಲಿ ಇಲ್ಲದ ದನಿ ಕೇಳುವುದು ಕಡಮೆ; ಖಿನ್ನತೆಯಲ್ಲಿ ಯುರೋಪಿನವರಂತೆ ಪಾಪಪ್ರಜ್ಞೆಯಿಂದ ಕೊರಗುವುದು ಇಲ್ಲವೆನ್ನುವಷ್ಟು ವಿರಳ. ಸಂಸ್ಕೃತಿಗಳ ನಡುವೆ ಮನೋರೋಗವನ್ನು ಹೋಲಿಸುವ ಅಧ್ಯಯನಕ್ಕೆ ಇದು ನಾಂದಿಯಾಯಿತು. ಆದರೆ ಈ ವ್ಯತ್ಯಾಸಗಳಿಗೆ ಆತನು ಕೊಟ್ಟ ವಿವರಣೆಯಲ್ಲಿ, ಆ ಜನರ ಮನಸ್ಸು ಇನ್ನೂ ಬೆಳವಣಿಗೆಯ ಕೆಳಮೆಟ್ಟಿಲಿನಲ್ಲಿದೆ ಎಂಬ ವಸಾಹತು ಕಾಲದ ಅಹಂಕಾರವಿತ್ತು. ಡೋರ್ಪಾಟಿನಲ್ಲಿ ಭಾಷೆ ತಿಳಿಯದು ಎಂಬ ಕೊರತೆಯಾದರೂ ಆತನಿಗೆ ಕಾಣಿಸಿತ್ತು. ಜಾವಾದಲ್ಲಿ ತನ್ನ ಪೂರ್ವಗ್ರಹವು ಕೊರತೆಯೆಂದೇ ಕಾಣಿಸಲಿಲ್ಲ.

ಈ ದೋಷವು ವಯಸ್ಸಿನೊಂದಿಗೆ ಬಲಿಯಿತು. ನಾಗರಿಕ ಜೀವನದಿಂದ ಜನಾಂಗವೇ ಪೀಳಿಗೆಯಿಂದ ಪೀಳಿಗೆಗೆ ಕುಲಗೆಡುತ್ತಿದೆ ಎಂಬ ಅಂದಿನ ಭೀತಿಯನ್ನು ಆತನು ಶಾಸ್ತ್ರವೆಂದು ಒಪ್ಪಿದನು. ಮೊದಲ ಮಹಾಯುದ್ಧದಲ್ಲಿ ಉಗ್ರ ರಾಷ್ಟ್ರವಾದಿಯಾದನು. ಯುದ್ಧವನ್ನು ವಿರೋಧಿಸಿ ಸೆರೆಯಾದ ತರುಣ ಕವಿ ಎರ್ನ್‌ಸ್ಟ್ ಟಾಲರ್ ಪರೀಕ್ಷೆಗಾಗಿ ಆತನ ಆಸ್ಪತ್ರೆಗೆ ಬಂದಾಗ, ಅಲ್ಲಿ ಕಂಡದ್ದು ವೈದ್ಯನಿಗಿಂತ ಹೆಚ್ಚಾಗಿ ಎದುರುಪಕ್ಷದವನನ್ನು. 1919ರಲ್ಲಿ ಬರೆದ ಲೇಖನದಲ್ಲಿ ಕ್ರಾಂತಿಯ ನಾಯಕರನ್ನು ಮನೋವಿಕಾರದವರೆಂದು ಬಣ್ಣಿಸಿ, ಅವರಲ್ಲಿ ಯಹೂದ್ಯರು ಹೆಚ್ಚಾಗಿರುವುದನ್ನು ಎತ್ತಿ ಆಡಿದನು. ವರ್ಷಗಟ್ಟಲೆ ಕಾದು, ಚೀಟಿ ಬರೆದು, ತಪ್ಪು ತಿದ್ದಿಕೊಂಡು ಒಬ್ಬ ರೋಗಿಗೆ ನಿದಾನ ಹೇಳುತ್ತಿದ್ದ ಮನುಷ್ಯನು ಒಂದು ಜನಸಮೂಹಕ್ಕೇ ಪರೀಕ್ಷೆಯಿಲ್ಲದೆ ನಿದಾನ ಬರೆದನು. ಆ ಚೀಟಿ ಮಾತ್ರ ಪೆಟ್ಟಿಗೆಗೆ ಬೀಳಲಿಲ್ಲ.

1917ರಲ್ಲಿ ಆತನು ಮ್ಯೂನಿಕ್ಕಿನಲ್ಲಿ ಮನೋರೋಗ ಸಂಶೋಧನೆಗೆಂದೇ ಒಂದು ಸಂಸ್ಥೆ ಸ್ಥಾಪಿಸಿದನು. ಇಂದು ಅದು ಮ್ಯಾಕ್ಸ್ ಪ್ಲಾಂಕ್ ಮನೋವೈದ್ಯ ಸಂಸ್ಥೆ. ಅದಕ್ಕೆ ದೊಡ್ಡ ಮೊತ್ತದ ಹಣ ಕೊಟ್ಟವನು ಆತನಿಂದ ಚಿಕಿತ್ಸೆ ಪಡೆದಿದ್ದ ಅಮೆರಿಕದ ಯಹೂದಿ ಮನೆತನದ ಜೇಮ್ಸ್ ಲೋಬ್. ಗ್ರೀಕ್ ಮತ್ತು ಲ್ಯಾಟಿನ್ ಕೃತಿಗಳನ್ನು ಎದುರುಪುಟದ ಅನುವಾದದೊಡನೆ ಪ್ರಕಟಿಸುವ ಹೆಸರಾಂತ ಗ್ರಂಥಮಾಲೆಯ ಸ್ಥಾಪಕನೂ ಆತನೇ. ಅದೇ ಸಂಸ್ಥೆಯಲ್ಲಿ ವಂಶಾವಳಿ ವಿಭಾಗವನ್ನು ನಡೆಸಿದ ಎರ್ನ್‌ಸ್ಟ್ ರೂಡಿನ್, ನಾಜಿ ಸರಕಾರವು 1933ರಲ್ಲಿ ತಂದ ಬಲವಂತದ ಸಂತಾನಹರಣ ಕಾನೂನಿಗೆ ವ್ಯಾಖ್ಯಾನ ಬರೆದವರಲ್ಲಿ ಒಬ್ಬನಾದನು. 1940 ಮತ್ತು 1941ರಲ್ಲಿ ಜರ್ಮನಿಯ ಆಸ್ಪತ್ರೆಗಳಿಂದ ಸುಮಾರು 70,000 ರೋಗಿಗಳನ್ನು ಸಾಗಿಸಿ ವಿಷಾನಿಲದಿಂದ ಕೊಂದರು. ಯಾರನ್ನು ಸಾಗಿಸಬೇಕೆಂದು ಆರಿಸುವಾಗ ಕಾಗದದ ಮೇಲಿದ್ದ ರೋಗದ ಹೆಸರೂ ಒಂದು ಆಧಾರವಾಗಿತ್ತು. ಇದನ್ನು ಕ್ರೆಪೆಲಿನನು ನೋಡಲಿಲ್ಲ, ಮಾಡಲಿಲ್ಲ. ಆದರೆ ಹೆಸರಿಡುವ ಅಧಿಕಾರ ಎಷ್ಟು ಭಯಂಕರವಾದುದೆಂಬುದಕ್ಕೆ ಆ ಇತಿಹಾಸ ಸಾಕ್ಷಿಯಾಗಿದೆ.

ಬದುಕಿನ ಸಂಜೆಯಲ್ಲಿಯೂ ಆತನ ವೈದ್ಯಬುದ್ಧಿ ತನ್ನನ್ನು ತಿದ್ದಿಕೊಳ್ಳುವುದನ್ನು ನಿಲ್ಲಿಸಲಿಲ್ಲ. 1920ರಲ್ಲಿ ಬರೆದ ಲೇಖನವೊಂದರಲ್ಲಿ, ತಾನು ಬೇರೆಯಾಗಿಸಿದ ಎರಡು ದೊಡ್ಡ ರೋಗಗಳನ್ನು ಲಕ್ಷಣಗಳಿಂದ ಖಚಿತವಾಗಿ ಬೇರ್ಪಡಿಸುವುದು ಎಷ್ಟೋ ರೋಗಿಗಳಲ್ಲಿ ಸಾಧ್ಯವಾಗದೆಂದು ಆತನು ಒಪ್ಪಿಕೊಂಡನು. ಒಂದೇ ಆರ್ಗನ್ ವಾದ್ಯದಲ್ಲಿ ಬೇರೆ ಬೇರೆ ಸ್ವರಸಾಲುಗಳು ತೆರೆದುಕೊಳ್ಳುವಂತೆ, ಮನುಷ್ಯಸ್ವಭಾವದಲ್ಲಿ ಮೊದಲೇ ಅಡಗಿರುವ ಸಾಧ್ಯತೆಗಳನ್ನು ಬೇರೆ ಬೇರೆ ರೋಗಗಳು ಎಬ್ಬಿಸುತ್ತಿರಬಹುದು ಎಂಬುದು ಗಾಯಕನ ಮಗನಿಗೆ ಹೊಳೆದ ಹೋಲಿಕೆ. ತನ್ನ ಹೆಸರನ್ನು ಲೋಕಕ್ಕೆ ತಿಳಿಸಿದ ಸಿದ್ಧಾಂತವನ್ನು ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಹೀಗೆ ಸಡಿಲಿಸಲು ಧೈರ್ಯ ಬೇಕು. 1922ರಲ್ಲಿ ಆತನು ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತನಾದನು. ಪಠ್ಯಗ್ರಂಥದ ಒಂಬತ್ತನೆಯ ಆವೃತ್ತಿಯ ಕೆಲಸ ನಡೆದಿರುವಾಗಲೇ, 1926ರ ಅಕ್ಟೋಬರ್ 7ರಂದು, ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಸಮಾಧಿ ಹೈಡೆಲ್‌ಬರ್ಗ್‌ನಲ್ಲಿದೆ. ಆತನು ಗುಟ್ಟಾಗಿ ಬರೆದಿಟ್ಟಿದ್ದ ಕವಿತೆಗಳು 1928ರಲ್ಲಿ ಅಚ್ಚಾದುವು.

ಆತನ ಕೆಲಸಕ್ಕೆ ಒಂದು ಪರೀಕ್ಷೆ ಭಾರತದ ನೆಲದಲ್ಲಿಯೂ ನಡೆಯಿತು. 1960ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂಬತ್ತು ದೇಶಗಳ 1,202 ರೋಗಿಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸುವ ಅಧ್ಯಯನ ಕೈಗೊಂಡಿತು. ಅದರ ಭಾರತದ ಕೇಂದ್ರ ಆಗ್ರಾ. ಪ್ರಶ್ನೆಗಳನ್ನು ಆಯಾ ನಾಡಿನ ಭಾಷೆಗೆ ಅನುವಾದಿಸಿ, ರೋಗಿಯ ನುಡಿಯಲ್ಲಿಯೇ ಕೇಳಿದರು. ಕ್ರೆಪೆಲಿನನು ಗುರುತಿಸಿದ ರೋಗವು ಒಂಬತ್ತೂ ಕಡೆ ಕಂಡಿತು. ಆದರೆ ಎರಡು ವರ್ಷ ಕಾದು ಮತ್ತೆ ನೋಡಿದಾಗ, ಆಗ್ರಾ ಮತ್ತು ನೈಜೀರಿಯಾದ ಇಬಾದಾನ್ ನಗರಗಳ ರೋಗಿಗಳಲ್ಲಿ ಚೇತರಿಸಿಕೊಂಡವರ ಪ್ರಮಾಣವು ಶ್ರೀಮಂತ ದೇಶಗಳಿಗಿಂತ ಹೆಚ್ಚಾಗಿತ್ತು. ರೋಗದ ಗುರುತಿನಲ್ಲಿ ಕ್ರೆಪೆಲಿನನು ಸರಿ, ಕ್ಷಯದ ತೀರ್ಪಿನಲ್ಲಿ ತಪ್ಪು ಎಂಬುದನ್ನು ತೋರಿಸಿದ್ದು ಆತನದೇ ವಿಧಾನ.

ಇಂದಿನ ವೈದ್ಯನು ರೋಗದ ಹೆಸರು ಬರೆಯುವ ಮೊದಲು ಲಕ್ಷಣಗಳ ಪಟ್ಟಿಯನ್ನು ನೋಡುತ್ತಾನೆ, ಅವು ಎಷ್ಟು ಕಾಲದಿಂದ ಇವೆಯೆಂದು ಕೇಳುತ್ತಾನೆ. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ನಿದಾನದ ಕೈಪಿಡಿಯನ್ನು ಹೊಸದಾಗಿ ಕಟ್ಟಿದಾಗ ಕ್ರೆಪೆಲಿನನನ್ನೇ ಗುರುವೆಂದು ಹಿಡಿದರು. ಆ ಪಟ್ಟಿಗಳು ಬೇಕಾದುವೇ. ಆದರೆ ವೈದ್ಯನದೊಂದು ಭಾಷೆ, ರೋಗಿಯದು ಇನ್ನೊಂದು ಆಗಿರುವ ಗಡಿನಾಡುಗಳಲ್ಲಿ ಡೋರ್ಪಾಟಿನ ಆ ವಾರ್ಡು ಇನ್ನೂ ಇದೆ. ಮನೆಮಾತಿನಲ್ಲಿ ಮಾತ್ರ ಹೇಳಲು ಬರುವ ಸಂಕಟವನ್ನು ಹೊತ್ತ ವ್ಯಕ್ತಿ ಅಲ್ಲಿ ಕುಳಿತಿರುತ್ತಾನೆ. ಅವನ ನುಡಿಯನ್ನು ಬಲ್ಲವರೊಬ್ಬರು ಪಕ್ಕದಲ್ಲಿದ್ದು, ಅವನು ಆಡಿದ್ದನ್ನು ಆಡಿದ ಹಾಗೆಯೇ ವೈದ್ಯನಿಗೆ ಮುಟ್ಟಿಸಿದರೆ, ಪೆಟ್ಟಿಗೆಗೆ ಬೀಳುವ ತಪ್ಪು ಚೀಟಿಗಳಲ್ಲಿ ಒಂದಾದರೂ ಕಡಮೆಯಾಗುತ್ತದೆ.